ಬಂದರಿನ ಬುತ್ತಿ

ಹೊರದೇಶದ ಹುಡುಗರನ್ನು ಸೆಳೆಯಲು ಈಗಿನವರು ಏನೇನು ಕಸರತ್ತು ಮಾಡುತ್ತಾರೋ ನಾನರಿಯೆ. ಎಪ್ಪತ್ತರ ಸುಮಾರಿನ ಮುಂಬಯಿಯಲ್ಲಿ, ಮಲಾಡಿನ ಒಂದು ಕಾಲೇಜಿಗೆ ಆ ಕೆಲಸಕ್ಕೆ ಗುಮಾಸ್ತ ದಾನಪ್ಪನೊಬ್ಬನೇ ಸಾಕಾಗಿದ್ದ. ಮೊಂಬಾಸಾದ ಹಡಗು ಬರುವ ದಿನ ಪ್ರಿನ್ಸಿಪಾಲರು ಅವನನ್ನು ಬಂದರಿಗೆ ಅಟ್ಟುತ್ತಿದ್ದರು. ಆಫ್ರಿಕಾದಿಂದ ಓದಲು ಬರುವ ಎಷ್ಟೋ ಹುಡುಗರಿಗೆ ಯಾವ ಕಾಲೇಜು ಎಂಬುದು ಇಳಿದ ಮೇಲೇ ಗೊತ್ತಾಗಬೇಕಿತ್ತು. ಅಂಥವರು ನಾಲ್ಕು ಜನ ಇದ್ದರೆ ಕಾಲೇಜಿನ ತೂಕವೇ ಬೇರೆ. ಹಾಗಾಗಿ ಬೇರೆ ಬೇರೆ ಕಾಲೇಜಿನವರು ಬಣ್ಣದ ಹಾಳೆ ಹಿಡಿದು, ಸ್ಟೇಷನ್ನಿನ ಟಾಂಗಾದವರಂತೆ ಗೇಟಿನಲ್ಲಿ ಮುತ್ತಿಕೊಳ್ಳುತ್ತಿದ್ದರು.

ದಾನಪ್ಪ ಮಾತ್ರ ಗೋಡೆಯ ಪಕ್ಕ ಕೂತು ಬುತ್ತಿ ಬಿಚ್ಚುತ್ತಿದ್ದ. ಹೆಂಡತಿ ರಾಚವ್ವ ಕಟ್ಟಿಕೊಟ್ಟ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಡಗಿನ ಸಪ್ಪೆ ಊಟಕ್ಕೆ ಬೇಸತ್ತ ಹುಡುಗರು ಮೊದಲ ತುತ್ತಿನ ಖಾರಕ್ಕೆ ಕಣ್ಣೀರು ಸುರಿಸಿ, ಎರಡನೆಯದಕ್ಕೆ ತಾವೇ ಕೈ ಚಾಚುತ್ತಿದ್ದರು. ಉಂಡು ಕೈ ತೊಳೆಯುವ ತನಕ ನೀನ್ಯಾರು, ಎಲ್ಲಿಯವನು ಎಂದು ಅವನು ಕೇಳುತ್ತಿರಲಿಲ್ಲ. ಹಸಿದು ಬಂದವರ ಹೆಸರು ಕೇಳುವುದು ಧಾರವಾಡ ಕಡೆಯ ಅವನ ಮನೆತನದಲ್ಲೇ ಇರಲಿಲ್ಲ. ಉಂಡವರು ಹಿಂದೆಯೇ ಬರುತ್ತಿದ್ದರು. ಎಂಥ ದಿನಗಳವು! ವರ್ಷವಿಡೀ ಕುರ್ಚಿಗೆ ಅಂಟಿ ಕೂತವನಿಗೆ ಬಂದರಿನ ಕೆಲಸವೆಂದರೆ ಜೀವ.

ಎಪ್ಪತ್ತೆರಡರ ಜೂನಿನಲ್ಲೊಮ್ಮೆ ಜಡಿಮಳೆ. ಬುತ್ತಿ ಬಿಚ್ಚಲು ಒಣ ಜಾಗವಿಲ್ಲ. ಎತ್ತರದ, ಕಪ್ಪನೆಯ ಹುಡುಗನೊಬ್ಬ ಟ್ರಂಕಿನ ಮೇಲೆ ಕೂತು ನಡುಗುತ್ತಿದ್ದ. ದಾನಪ್ಪ ‘ಕಾಲೇಜ್’ ಎಂದ, ಹುಡುಗ ತಲೆಯಾಡಿಸಿದ. ಅಷ್ಟೇ ಸಾಕಾಯಿತು. ಚರ್ಚ್‌ಗೇಟಿನಲ್ಲಿ ಲೋಕಲ್ ರೈಲು ಹಿಡಿದು, ತಾಸು ದೂರದ ಮಲಾಡಿನ ಚಾಳಿನಲ್ಲಿದ್ದ ತನ್ನ ಮನೆಗೇ ಕರೆತಂದ. ರಾಚವ್ವ ಬಿಸಿ ರೊಟ್ಟಿ ಬಡಿದು ಹಾಕಿದಳು. ಕೈ ತೊಳೆದ ಮೇಲೆ ಕೇಳಿದರೆ ಹುಡುಗನ ಹೆಸರು ಯಾಕೂಬ. ಅವನ ತಂದೆ ಫೋರ್ಟ್ ಭಾಗದ ಕಾಲೇಜೊಂದರಲ್ಲಿ ಸೀಟು ಗೊತ್ತುಮಾಡಿಯೇ ಕಳಿಸಿದ್ದರು. ದಾನಪ್ಪ ಆ ಕಾಲೇಜಿನವನೇ ಎಂದುಕೊಂಡು ಹುಡುಗ ಹಿಂದೆ ಬಂದಿದ್ದ. ಆ ಕಾಲೇಜೋ, ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರ. ರಾಚವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮರುದಿನ ವಿಷಯ ತಿಳಿದ ಪ್ರಿನ್ಸಿಪಾಲರು ಮಾತ್ರ ಹಿಗ್ಗಿದರು. ಆ ವರ್ಷ ಆಫ್ರಿಕಾದವರು ಒಬ್ಬರೂ ಸಿಕ್ಕಿರಲಿಲ್ಲ. ತಾನಾಗಿ ಬಂದವನನ್ನು ಬಿಡುವುದುಂಟೇ, ಇಲ್ಲೇ ಸೇರಿಸು ಎಂದರು. ಇವನನ್ನೂ ಬಿಟ್ಟರೆ ಇನ್ನು ಬಂದರಿನ ಕಡೆ ತಲೆ ಹಾಕಬೇಡ ಎಂದೂ ಹೇಳಿದರು. ದಣಿದ ಹುಡುಗ ಎಲ್ಲಾದರೂ ಸರಿ ಎನ್ನುವಂತಿದ್ದ. ದಾನಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಉಣ್ಣಾಕ ಹಾಕಿ ಮಂದಿ ಮಗನ್ನ ಹಾರಿಸ್ಕೊಂಡ ಬಂದಂಗ ಆಗ್ತದ್ರಿ, ಸರ್. ನಾ ಬಿಟ್ಟ ಬರ್ತೀನ್ರಿ.”

ಫೋರ್ಟಿನ ಕಾಲೇಜಿಗೆ ಬಿಟ್ಟೂ ಬಂದ. ಮುಂದಿನ ವರ್ಷದಿಂದ ಬಂದರಿಗೆ ಬೇರೆಯವರು ಹೋದರು. ಹಡಗು ಬರುವ ದಿನ ದಾನಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ಮಳೆಯನ್ನು ಬೈಯುತ್ತಿದ್ದ, ತನ್ನ ಹಾಳು ಪದ್ಧತಿಯನ್ನು ಬೈಯುತ್ತಿದ್ದ, ಹೆಸರೊಂದನ್ನು ಮೊದಲೇ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಹಲುಬುತ್ತಿದ್ದ. ಕೇಳಿ ಕೇಳಿ ರಾಚವ್ವನಿಗೆ ಸಾಕಾಗಿತ್ತು.

ಯಾಕೂಬ ಮಾತ್ರ ಭಾನುವಾರ ತಪ್ಪದೆ ಊಟಕ್ಕೆ ಬರುತ್ತಿದ್ದ. ರಾಚವ್ವನ ಬಾಯಿಂದಲೇ ಕನ್ನಡ ಕಲಿತ. ಓದು ಮುಗಿದು ಊರಿಗೆ ಹೊರಡುವ ಮುಂಚಿನ ಭಾನುವಾರವೂ ದಾನಪ್ಪ ಅದೇ ರಾಗ ಎಳೆದ: ಅವತ್ತು ಮೊದಲೇ ಹೆಸರು ಕೇಳಬೇಕಿತ್ತು. ಯಾಕೂಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಕಾಕಾ, ಈ ಊರಾಗ ರೂಮ್ ಕೇಳಾಕ ಹೋದಲ್ಲೆಲ್ಲಾ ಮೊದಲ ಹೆಸರ ಕೇಳಿದ್ರು. ಕೇಳಿದ ಮ್ಯಾಲೆ ಬಾಗಲಾ ಹಾಕಿದ್ರು. ನೀವೊಬ್ಬರ ನೋಡ್ರಿ, ಕೇಳದ ಉಣ್ಣಾಕ ಹಾಕಿದವರು.”

ಇಷ್ಟು ವರ್ಷ ಇವನ ಎದುರಿಗೇ ಕೂತು, ಇವನು ಬಂದದ್ದನ್ನೇ ತಪ್ಪೆಂದು ಹಾಡಿಕೊಂಡೆನಲ್ಲ ಎಂದು ದಾನಪ್ಪನಿಗೆ ನಾಚಿಕೆಯಾಯಿತು. ಯಾಕೂಬನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ. ಬಂದರಿನ ಕೆಲಸ ಹೋಯಿತೆಂದು ದಾನಪ್ಪ ಮತ್ತೆ ಗೊಣಗಿದ್ದು ಅಂದಿನಿಂದ ರಾಚವ್ವನ ಕಿವಿಗೆ ಒಮ್ಮೆಯೂ ಬೀಳಲಿಲ್ಲ.