ತೌಡು ಮೆತ್ತಿದ ಮುಖ

ನಾಗರ ಪಂಚಮಿಗೆ ತವರಿಗೆ ಕರೆಯಲು ಅಣ್ಣ ಬರುವ ಹಿಂದಿನ ದಿನ, ಗಂಗಾವತಿ ಕಡೆಯ ನನ್ನ ಗಂಡನ ಮನೆಯ ಹಿತ್ತಲಲ್ಲಿ ನಾವು ಮೂವರು ಹೆಂಗಸರಿದ್ದೆವು. ಬಚ್ಚಲ ಕಲ್ಲಿನ ಮೇಲೆ ನಾನು, ಎದುರಿಗೆ ತಟ್ಟೆ ಹಿಡಿದ ಅತ್ತೆ, ಮುಖ ಬೆಳ್ಳಗಾಗುವ ಲೇಪ ಮಾಡುವುದನ್ನು ಮೊಬೈಲು ನೋಡಿ ನೋಡಿ ಹೇಳುವ ನಾದಿನಿ. ತಟ್ಟೆಯಲ್ಲಿ ಗಿರಣಿಯ ತೌಡು, ಕಡಲೆಹಿಟ್ಟು, ನಿಂಬೆರಸ, ಎರಡು ದಿನ ಇಟ್ಟು ಹುಳಿ ಬರಿಸಿದ ಅಕ್ಕಿ ತೊಳೆದ ನೀರು.

"ಅತ್ತಿ, ತೌಡಿನ್ಯಾಗ ಹುಳ ಹರದಾಡಾಕತ್ಯಾವು."

"ಅವೇನ್ ಕಡಿಯಂಗಿಲ್ಲ. ಕಣ್ಣ ಮುಚ್ಚು."

ಅವರ ಅವಸರ ನನಗೆ ಗೊತ್ತಿತ್ತು. ಮದುವೆ ಮಾತಿನ ದಿನ ಯಲಬುರ್ಗಾದ ನಮ್ಮ ಪಡಸಾಲೆಯಲ್ಲಿ ಕೂತು, "ನಿಮ್ಮ ಮಗಳನ್ನ ಹೊಲಕ್ಕ ಕಳಸಂಗಿಲ್ರಿ" ಎಂದು ಅವ್ವನಿಗೆ ಮಾತು ಕೊಟ್ಟವರು ಅವರೇ. ಕಾಲುವೆಗೆ ನೀರು ಬಂತು, ನಾಟಿಗೆ ಆಳು ಸಿಗಲಿಲ್ಲ, ಮೂರು ವಾರ ನಾನೂ ಗದ್ದೆಗಿಳಿದೆ. ಹೋಗು ಎಂದು ಅವರು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಈಗ ನನ್ನ ಮುಖ ರೊಟ್ಟಿ ಹಂಚಿನ ಬಣ್ಣಕ್ಕೆ ತಿರುಗಿತ್ತು. ಮಾತು ತಪ್ಪಿದ್ದು ಅವ್ವನಿಗೆ ತಿಳಿಯಬಾರದು, ಅಷ್ಟೇ ಅವರ ಚಿಂತೆ.

ಹಚ್ಚಿದರು. ತಣ್ಣಗೆ, ಲೋಳೆ ಲೋಳೆಯಾಗಿ ಕೆನ್ನೆಯಿಂದ ಇಳಿದು ತುಟಿಯ ಸಂದಿಗೆ ಬಂತು. ಹಳಸಿದ ಅನ್ನ, ದನದ ಬಾನಿ ಎರಡೂ ಕೂಡಿದ ನಾತ. ನೊಣಗಳು ಮುಖದ ಮೇಲೇ ಸಂತೆ ನೆರೆದವು. ಉಗಿಯಲು ಬಾಯಿ ತೆರೆದರೆ ಇನ್ನಷ್ಟು ಒಳಕ್ಕೆ ಹೋಗುತ್ತಿತ್ತು.

"ವೈನಿ, ಎಮ್ಮಿ ಕಡೆ ಮಾರಿ ಮಾಡಬ್ಯಾಡ್ರಿ, ಮುಸುರಿ ಅಂತ ನೆಕ್ಕೀತು," ಎಂದು ನಾದಿನಿ ನಕ್ಕಳು.

ಅತ್ತೆಗೂ ನಗು ಬಂತು. ಅವರು ಕೆಟ್ಟವರಲ್ಲ, ಗದ್ದೆಯಲ್ಲಿ ತಮ್ಮ ಬುತ್ತಿಯ ಮೊಸರನ್ನೂ ನನ್ನ ರೊಟ್ಟಿಗೇ ಸುರಿದವರು. ಆದರೆ ಸುಳ್ಳೊಂದನ್ನು ನನ್ನ ಚರ್ಮದ ಮೇಲೆ ಇಷ್ಟು ಅಕ್ಕರೆಯಿಂದ ತಿಕ್ಕುತ್ತಿದ್ದರಲ್ಲ, ಅದಕ್ಕೆ ಕೆನ್ನೆ ಒಡ್ಡಿ ನಾನೂ ಸುಮ್ಮನೆ ಕೂತಿದ್ದೆನಲ್ಲ, ಅದು ಆ ನಾತಕ್ಕಿಂತ ಹೇಸಿಗೆ ಅನಿಸಿತು. ಇವತ್ತಿಗೂ ತೌಡಿನ ಚೀಲ ಬಿಚ್ಚಿದರೆ ನಾನು ಮೂಗು ಮುಚ್ಚಿಕೊಳ್ಳುತ್ತೇನೆ.

ತೊಳೆದುಕೊಂಡಾಗ ಮುಖ ಉರಿದು ಕೆಂಪಾಗಿತ್ತು. ಅತ್ತೆ ಗಲ್ಲ ಹಿಡಿದು ನೋಡಿ, "ಛಲೋ ಆತು" ಅಂದರು. ಮರುದಿನ ಬಂದ ಅಣ್ಣನೂ ಏನೂ ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ಅವ್ವ ತಲೆಗೆ ಎಣ್ಣೆ ಹಚ್ಚಲು ನನ್ನ ಜಡೆ ಬಿಚ್ಚಿ ಮೇಲೆತ್ತಿದಳು. ಬಗ್ಗಿ ನಾಟಿ ಮಾಡುವವಳಿಗೆ ಬಿಸಿಲು ಹೆಚ್ಚು ಬಡಿಯುವುದು ಕತ್ತಿನ ಹಿಂಭಾಗಕ್ಕೆ. ಅದನ್ನು ನಮ್ಮ ಮೂವರಲ್ಲಿ ಒಬ್ಬರೂ ನೆನೆಸಿರಲಿಲ್ಲ. ಅವ್ವನ ಕೈ ಅಲ್ಲೇ ನಿಂತಿತು.

"ಎಷ್ಟ ದಿನ ಗದ್ದಿಗೆ ಹೋಗಿದ್ದಿ?"

"ಮೂರ ವಾರ."

ಅವಳು ಎಣ್ಣೆ ಹಚ್ಚಿದಳು.

ಹಬ್ಬ ಮುಗಿದು ಅತ್ತೆ ನನ್ನನ್ನು ಕರೆಯಲು ಬಂದರು. ಅವ್ವ ಊಟಕ್ಕೆ ಬಡಿಸಿದಳು, ಡಬ್ಬಿ ತುಂಬ ಶೇಂಗಾ ಉಂಡಿ ಕಟ್ಟಿದಳು. "ನಿಮ್ಮ ಗದ್ದ್ಯಾಗ ಕಳೆ ತೆಗೆಯೋದು ಮುಗೀಲಿ ಬೀಗತಿ, ಆಮ್ಯಾಲೆ ಮಗಳನ್ನ ಕಳಸ್ತೀನ್ರಿ," ಅಂದಳು. ಅತ್ತೆ ನನ್ನ ಮುಖ ನೋಡಲಿಲ್ಲ. ಡಬ್ಬಿ ಹಿಡಿದುಕೊಂಡು ಒಬ್ಬರೇ ಬಸ್ಸು ಹತ್ತಿದರು.