ಜಾಹೀರಾತು ನಿಲ್ಲಿಸುವ ವಿಧಾನ

ಪುಣೆಯ ಯೆರವಡಾದ ಒಂದು ಗಾಜಿನ ಕಟ್ಟಡದಲ್ಲಿ ಕೂತು ನಾನು ಮಾಡುವ ಕೆಲಸವನ್ನು ಇವತ್ತಿನವರೆಗೂ ನೆಂಟರಿಗೆ ತಿಳಿಸಿ ಹೇಳಲಾಗಿಲ್ಲ. ಸೋಶಿಯಲ್ ಮೀಡಿಯಾದಲ್ಲಿ ಓಡುತ್ತಿರುವ ಜಾಹೀರಾತನ್ನು, ನಮ್ಮ ಕಂಪನಿಯ ಎಪಿಐ ಎಂಬ ಸಾಫ್ಟ್‌ವೇರ್ ಕಿಂಡಿಗೆ ಒಂದು ಸಾಲಿನ ಆದೇಶ ಕಳಿಸಿ ನಿಲ್ಲಿಸಬಹುದು. ಹೇಗೆ ಕಳಿಸಬೇಕು, ಏನು ಉತ್ತರ ಬರುತ್ತದೆ ಎಂದು ಬರೆದಿಡುವವನು ನಾನು. ಅಡುಗೆ ಬಾರದವನು ಅಡುಗೆ ಪುಸ್ತಕ ಬರೆದ ಹಾಗೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅವಳಿಗೆ ನಾನು ಎದುರಾಡುವುದಿಲ್ಲ.

ಈ ಬರಹಕ್ಕೂ ಒಂದು ಮಡಿ ಉಂಟು. 'ಆದರೆ' ಬರಕೂಡದು, 'ಆಗುವುದಿಲ್ಲ' ಬರಕೂಡದು, ಎಚ್ಚರಿಕೆಯ ಮಾತಂತೂ ಹತ್ತಿರ ಸುಳಿಯಕೂಡದು. ಈ ಮಡಿ ಕಾಯುವವನು ನಮ್ಮ ಮ್ಯಾನೇಜರ್, ಬೆಂಗಳೂರಿನವನು. ತನ್ನ ಜನ್ಮದಲ್ಲಿ ಒಂದೇ ಒಂದು ಜಾಹೀರಾತನ್ನು ಸ್ವತಃ ನಿಲ್ಲಿಸಿ ನೋಡಿದವನಲ್ಲ.

ನಾನು ನೋಡಿದ್ದೆ. ಆದೇಶ ಕಳಿಸಿದ ಕೂಡಲೇ 'ಸಕ್ಸೆಸ್' ಎಂದು ಉತ್ತರ ಬರುತ್ತದೆ. ನಿಮ್ಮ ಮಾತು ನಮಗೆ ತಲುಪಿತು, ಅದರ ಅರ್ಥ ಇಷ್ಟೇ. ಆಚೆಯ ಸೋಶಿಯಲ್ ಮೀಡಿಯಾ ಸೈಟು ಒಪ್ಪಿಕೊಳ್ಳುವ ತನಕ, ಕೆಲವೊಮ್ಮೆ ದಿನಗಟ್ಟಲೆ, ಜಾಹೀರಾತು ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಅದಕ್ಕೇ ಪುಟದ ಕೊನೆಗೆ ಒಂದು ವಾಕ್ಯ ಸೇರಿಸಿದ್ದೆ: ಸ್ವಲ್ಪ ಹೊತ್ತು ಬಿಟ್ಟು ಜಾಹೀರಾತಿನ ಸ್ಥಿತಿಯನ್ನು ಮತ್ತೊಮ್ಮೆ ಕೇಳಿ ನೋಡಿ, ಅದು ನಿಂತಿಲ್ಲದಿರಬಹುದು.

"ಗುರುಗಳೇ, ಇದನ್ನ ಓದಿದ್ರೆ ಕಸ್ಟಮರ್‌ಗೆ ಡೌಟ್ ಬರುತ್ತೆ. ಕಾನ್ಫಿಡೆನ್ಸ್ ಬರೋ ಥರ ಬರೀರಿ," ಎಂದ ಮ್ಯಾನೇಜರ್.

ವಾಕ್ಯ ಹೋಯಿತು. ಅದರ ಜಾಗದಲ್ಲಿ, ಸಕ್ಸೆಸ್ ಬಂದರೆ ಜಾಹೀರಾತು ನಿಂತಿದೆ ಎಂದು ನನ್ನ ಕೈಯಿಂದಲೇ ಬರೆಸಿದ. ತಿಪ್ಪೆ ಸಾರಿಸುವುದಕ್ಕೆ ಇವರಿಟ್ಟ ಹೆಸರು ಕಾನ್ಫಿಡೆನ್ಸ್. ನಾನು ಎರಡು ದಿನ ಗೊಣಗಿ ತೆಪ್ಪಗಾದೆ. ಆ ಪುಟ ಹೊರಬಂದ ದಿನ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಅದರ ಮೇಲೆ ಚಾಕೊಲೇಟಿನಲ್ಲಿ ಎರಡು ಉದ್ದ ಗೆರೆ ಎಳೆಸಿದ್ದರು, ನಿಲ್ಲಿಸುವ ಗುರುತಂತೆ. ನಾಚಿಕೆಯಿಲ್ಲದೆ ನಾನೂ ಒಂದು ತುಂಡು ತಿಂದೆ.

ನಾವಿರುವ ಧನಕವಡಿಯಲ್ಲಿ ನಮ್ಮ ಎದುರು ಮನೆಯವರು ಬೆಳಗಾವಿ ಕಡೆಯವರು. ಗಂಡ ತಾರಸಿಯ ಮೇಲೆ ಯೋಗ ಕಲಿಸುತ್ತಿದ್ದರು. ಅವರ ಹೊಸ ಬ್ಯಾಚಿಗೆ ಜಾಹೀರಾತು ಮಾಡಿಕೊಟ್ಟವನು ನಾನೇ. ನಮ್ಮ ಕಂಪನಿಯ ಪ್ರಯೋಗದ ಖಾತೆಯಿಂದಲೇ ಓಡಿಸಿದ್ದೆ. ಅದರಲ್ಲಿ ಅವರು ಕೈ ಮುಗಿದು, ನಕ್ಕು, ಸೋಮವಾರ ಬೆಳಿಗ್ಗೆ ಆರಕ್ಕೆ ಬನ್ನಿ, ಕಾಯುತ್ತಿರುತ್ತೇನೆ ಎಂದು ಮರಾಠಿಯಲ್ಲಿ ಕರೆಯುತ್ತಿದ್ದರು. ಆ ಸೋಮವಾರ ಬರುವ ಮೊದಲೇ, ಗುರುವಾರ, ಎದೆನೋವು ಬಂದು ತೀರಿಕೊಂಡರು.

ಶನಿವಾರ ಸಂಜೆ ಅವರ ಹೆಂಡತಿ ನನ್ನನ್ನು ಕರೆಸಿದರು. ಹೈಸ್ಕೂಲಿಗೆ ಹೋಗುವ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಅಣ್ಣಾರ, ಇಕಿ ಫೋನ್ ತೆಗೆದ್ರ ಸಾಕು, ಇವರು ನಕ್ಕೋತ ಬರ್ತಾರ. ಗೆಳತ್ಯಾರಿಗೂ ಕಾಣಸ್ತದಂತ. ಅದೊಂದು ಬಂದ್ ಮಾಡ್ರಿ. ನನಗ ಮತ್ತೇನೂ ಬ್ಯಾಡ."

ಲ್ಯಾಪ್‌ಟಾಪ್ ತಂದು ಅಲ್ಲೇ ಚಾಪೆಯ ಮೇಲೆ ಕೂತೆ. ನನ್ನದೇ ಪುಟ ತೆರೆದು, ಅದರಲ್ಲಿದ್ದ ಸಾಲನ್ನು ನಕಲು ಮಾಡಿ ಕಳಿಸಿದೆ. ಸಕ್ಸೆಸ್ ಬಂತು. ಎಂಟು ತಿಂಗಳು ಅದೇ ಪುಟವನ್ನು ತಿದ್ದಿ ತೀಡಿ, ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಪಾಠ ಮಾಡಿ, ನಾನು ಬರೆದ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ. ಇಂಥ ದಡ್ಡತನ ನಮ್ಮ ಕಸುಬಿನವರಿಂದ ಮಾತ್ರ ಸಾಧ್ಯ.

"ನಿಂತದ್ರಿ ಅಕ್ಕಾರ," ಎಂದೆ.

ಅವರು ಮಗಳ ಬೆನ್ನ ಮೇಲೆ ಕೈಯಿಟ್ಟು, "ಬಂದ್ ಆತಂತವಾ, ಮಲ್ಕೋ," ಎಂದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಮೆಟ್ಟಿಲ ಮೇಲೆ ಮಾತು ಕೇಳಿ ಬಾಗಿಲು ತೆರೆದೆ. ಎದುರು ಮನೆಯ ಮುಂದೆ ನಾಲ್ಕೈದು ಜನ, ಸುತ್ತಿದ ಮ್ಯಾಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಬಾಗಿಲು ತೆಗೆದವಳು ಮಗಳು.

"ಸರ್ ಆಹೇತ್ ಕಾ?" ಸರ್ ಇದ್ದಾರಾ ಎಂದು ಒಬ್ಬಾಕೆ ಕೇಳಿದರು.

ಹುಡುಗಿ ಬಾಗಿಲ ಚಿಲಕ ಹಿಡಿದು ಅವರ ಮ್ಯಾಟುಗಳನ್ನೇ ನೋಡಿದಳು. ತಪ್ಪು ಮನೆಗೆ ಬಂದೆವೇನೋ ಎಂದು ಆಕೆ, ಪಾಪ, ನಿನ್ನೆ ಸಂಜೆಯಷ್ಟೇ ಇದು ಬಂತು ಎನ್ನುತ್ತಾ ಫೋನು ತೆರೆದು ಅವಳ ಮುಖಕ್ಕೆ ಹಿಡಿದರು. ಫೋನಿನಲ್ಲಿ ಸರ್ ಕೈ ಮುಗಿದರು, ನಕ್ಕರು, ಕಾಯುತ್ತಿರುತ್ತೇನೆ ಎಂದರು. ಅಷ್ಟರಲ್ಲಿ ತಾಯಿ ಹೊರಗೆ ಬಂದು, ಅವರು ಹೋಗಿಬಿಟ್ಟರು ಎಂದು ಮರಾಠಿಯಲ್ಲಿ ಹೇಳಿದರು. ಬಂದವರು ಸದ್ದಿಲ್ಲದೆ ಮೆಟ್ಟಿಲಿಳಿದು ಹೋದರು.

ತಾಯಿ ಮಗಳನ್ನು ಒಳಗೆ ಕಳಿಸಿ ನನ್ನ ಕಡೆ ತಿರುಗಿದರು.

"ನಿಂತದ ಅಂದಿದ್ರಲ್ರಿ ಅಣ್ಣಾರ. ನಿಂತದೋ ಇಲ್ಲೋ ಅಂತ ಆಮ್ಯಾಲ ಒಮ್ಮೆರೆ ನೋಡಿದ್ರೇನು?"

ಮ್ಯಾನೇಜರನ ಮಾತು, ಕಂಪನಿಯ ಮಡಿ, ಆಚೆಯ ಸೈಟಿನ ತಡ, ಎಲ್ಲ ನಾಲಿಗೆಯ ತುದಿಗೆ ಬಂತು.

"ಇಲ್ರಿ," ಎಂದೆ.