ಎಡ ಹಿಂಗಾಲಿಯ ತೂಕ

ತೆಲುಗು ನಾಡಿನ ನಾಚಾರಂನಲ್ಲಿದ್ದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಾದ ತೂಕದ ಹಲಗೆಗಳನ್ನು ಮಾಡುತ್ತಿದ್ದೆವು. ಗಾಡಿಯ ನಾಲ್ಕು ಕಡೆಯ ಗಾಲಿಗಳನ್ನೂ ನಾಲ್ಕು ಹಲಗೆಗಳ ಮೇಲೆ ಹತ್ತಿಸಿದರೆ, ಎಲ್ಲೆಲ್ಲಿ ಎಷ್ಟು ಭಾರ ಬಿದ್ದಿದೆ ಎಂಬ ಚೀಟಿ ಹೊರಬರುತ್ತಿತ್ತು. ನನ್ನ ಜೊತೆ ಸೇರಿದ್ದ ಎಂಜಿನಿಯರುಗಳೆಲ್ಲ ಒಬ್ಬೊಬ್ಬರಾಗಿ ಸಾಫ್ಟ್‌ವೇರ್ ಕಲಿತು ಅದೇ ಊರಿನ ಐಟಿ ಬಡಾವಣೆ ಮಾದಾಪುರದ ಕಡೆ ಹಾರಿದ್ದರು. ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ, ತೂಕದ ವಿಷಯದಲ್ಲಿ ಅಲ್ಲಿ ನಾನೇ ಗೌಡತಿ. ಆ ಗೌಡಿಕೆ ನನಗೆ ಇಷ್ಟವೂ ಆಗಿತ್ತು, ಸುಳ್ಳೇಕೆ ಹೇಳಲಿ.

ಒಂದು ಬೆಳಿಗ್ಗೆ ಕಣ್ಣು ಪರೀಕ್ಷೆಯ ವ್ಯಾನೊಂದು ಬಂತು. ದಿನವಿಡೀ ಕಂಪ್ಯೂಟರ್ ನೋಡಿ ಕಣ್ಣು ಉರಿಸಿಕೊಂಡವರ ಆಫೀಸಿನ ಬಾಗಿಲಿಗೇ ಹೋಗುತ್ತಿದ್ದ ವ್ಯಾನು ಅದು, ಹಳೆಯ ಮಿನಿ ಬಸ್ಸಿನ ಹೊಸ ಅವತಾರ. ಒಂದೇ ತಿಂಗಳಲ್ಲಿ ಎಡಗಡೆಯ ಹಿಂದಿನ ಟೈರು ಎರಡು ಸಲ ಒಡೆದಿತ್ತು. ಡ್ರೈವರ್ ಕುಡಿದು ಓಡಿಸುತ್ತಾನೆಂದು ಮಾಲೀಕನ ವಾದ. ತೂಕದಲ್ಲಿ ದೋಷ ಕಾಣದಿದ್ದರೆ ಇವತ್ತೇ ಕೆಲಸದಿಂದ ತೆಗೆಯುತ್ತೇನೆ ಎಂದು ನನ್ನೆದುರೇ ಹೇಳಿದ. ಡ್ರೈವರು ಚಿಂಚೋಳಿ ಕಡೆಯವರು, ಐವತ್ತರ ಆಸುಪಾಸು. ನಾನು ಕನ್ನಡದವಳೆಂದು ತಿಳಿದು ನಮಸ್ಕಾರ ಮಾಡಿದರು.

ವ್ಯಾನು ಥಳಥಳ ಹೊಳೆಯುತ್ತಿತ್ತು. ಮುಂದೆ ನಿಂಬೆಹಣ್ಣು, ಗಾಜಿಗೆ ಕುಂಕುಮ. ಪರೀಕ್ಷೆಗೆ ಹೋಗುವುದೆಂದರೆ ನಮ್ಮ ಜನಕ್ಕೆ ಮದುವೆಗೆ ಹೊರಟಂತೆಯೇ. ಹಲಗೆಗಳ ಮೇಲೆ ಹತ್ತಿಸಿದೆ. ನಾಲ್ಕೂ ಕಡೆ ಹೆಚ್ಚುಕಡಿಮೆ ಸಮ.

“ಗಾಡಿ ಸರಿಯಾಗಿದೆ,” ಎಂದು ಗತ್ತಿನಿಂದಲೇ ತೆಲುಗಿನಲ್ಲಿ ಹೇಳಿದೆ. ಮಾಲೀಕ ಬೀಗದ ಕೈಗಾಗಿ ಡ್ರೈವರರ ಮುಂದೆ ಕೈ ಚಾಚಿದ.

ಅವರು ಬೀಗದ ಕೈ ಕೊಟ್ಟು ನನ್ನ ಕಡೆ ತಿರುಗಿದರು. “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಗಾಡಿ ಹಿಂಗ ಖಾಲಿ ಎಂದ್ ಓಡ್ಯಾದ್ರಿ? ಟಾಕ್ಯಾಗ ನೀರಿಲ್ಲ, ಜನರೇಟರ್ ಇಲ್ಲ, ಡಾಕ್ಟರ್ ಮಂದಿ ಇಲ್ಲ. ಎಲ್ಲಾ ಇಳಸಿ, ತೊಳದು ತೊಗೊಂಡ್ ಬಾ ಅಂತ ಇವರೇ ಹೇಳ್ಯಾರ್ರಿ.”

ವ್ಯಾನಿನೊಳಗೆ ಒಮ್ಮೆ ಇಣುಕಿಯೂ ನೋಡದೆ ಒಬ್ಬರ ಅನ್ನ ಕಸಿಯುವ ತೀರ್ಪು ಕೊಟ್ಟಿದ್ದೆ. ಸಿಟ್ಟು ಬಂದದ್ದು ನನ್ನ ಮೇಲೆ, ಹಾರಿಬಿದ್ದದ್ದು ಮಾಲೀಕನ ಮೇಲೆ. ಅವನ ಕಣ್ಣೆದುರೇ ಚೀಟಿ ಹರಿದೆ. ಇದು ನನ್ನ ತಪ್ಪು, ದಿನಾ ಹೇಗೆ ಓಡುತ್ತದೋ ಹಾಗೆ ತುಂಬಿಸಿ ತಂದರಷ್ಟೇ ಇನ್ನೊಂದು ಚೀಟಿ ಎಂದೆ. ಗೊಣಗುತ್ತಲೇ ಸಾಮಾನು ತರಿಸಿದ. ಟಾಕಿ ತುಂಬಿಸಿದೆವು, ಜನರೇಟರ್ ಕೂರಿಸಿದೆವು, ಕನ್ನಡಕದ ಪೆಟ್ಟಿಗೆಗಳನ್ನು ಜೋಡಿಸಿದೆವು. ಡಾಕ್ಟರರ ಸೀಟಿನಲ್ಲಿ ಮಾಲೀಕನನ್ನೇ ಕೂರಿಸಿದೆ. ಆಗ ಗೊತ್ತಾಯಿತು, ಭಾರವಾದದ್ದೆಲ್ಲ ಎಡಕ್ಕೇ ಇತ್ತು.

ಮತ್ತೆ ತೂಗಿದರೆ, ಎಡ ಹಿಂಗಾಲಿಯ ಮೇಲೆ ಬಲಕ್ಕಿಂತ ನಾನೂರು ಕಿಲೋ ಹೆಚ್ಚು. ಟೈರು ತಾಳುವ ಮಿತಿಯನ್ನೂ ಅದು ದಾಟಿತ್ತು.

ಮಾಲೀಕ ಚೀಟಿಯನ್ನು ಎರಡು ಸಲ ಓದಿದ. “ಟಾಕಿಯನ್ನು ಬಲಕ್ಕೆ ಹಾಕಿಸೋಣ,” ಎಂದು ಬೀಗದ ಕೈ ವಾಪಸು ಕೊಟ್ಟ. ತಪ್ಪಾಯಿತು ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ನನ್ನದಾದರೂ ಇರಲೆಂದು ನಾನೇ ಡ್ರೈವರರ ಹತ್ತಿರ ಹೋಗಿ, “ನಂದು ತಪ್ಪಾತ್ರಿ,” ಎಂದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ನಂಗೂ ಒಂದ್ ಚೀಟಿ ಕೊಡ್ರಿ ಅಕ್ಕಾರ. ಹಿಂದ ಕನ್ನಡದಾಗ ಬರೀರಿ, ತಪ್ಪು ಗಾಡೀದು ಅಂತ. ಮನ್ಯಾಗ ತೋರಸ್ಬೇಕು.”

“ಮನ್ಯಾಗ ಯಾಕ್ರಿ?”

“ಕುಡಿಯೋದು ಬಿಟ್ಟು ಹನ್ನೊಂದ್ ವರ್ಷ ಆತ್ರಿ. ಟೈರ್ ಒಡದಾಗಿಂದ ಹೇಣ್ತಿ ದಿನಾ ಬಾಗಲ್ದಾಗ ನನ್ನ ಬಾಯಿ ಮೂಸಿ ನೋಡೇ ಒಳಗ ಬಿಡ್ತಾಳ್ರಿ.”

ದೊಡ್ಡ ಅಕ್ಷರಗಳಲ್ಲಿ ಬರೆದೆ. ಕೆಳಗೆ ಸಹಿ ಹಾಕಿ, ಕಾರ್ಖಾನೆಯ ಮೊಹರನ್ನೂ ಒತ್ತಿ ಕೊಟ್ಟೆ.